ಹಕಾರದ ಮಿಸ್ಸು ಕ್ವಾರಿಗೆ ಹೋದ ದಿನ

ಅರವತ್ತೇಳನೆಯ ವಯಸ್ಸಿನಲ್ಲಿ ಕನಕಲಕ್ಷ್ಮಿ ಮಿಸ್ಸಿಗೆ ಹಕ್ಕಿ ನೋಡುವ ಹುಚ್ಚು ಹಿಡಿದಿದೆ ಎಂದು ಹೊಳೆನರಸೀಪುರದ ಅವರ ಬೀದಿಯಲ್ಲಿ ಒಂದು ವಾರ ಮಾತಾಯಿತು. ಮಂಡಿನೋವೆಂದು ನರಸಿಂಹಸ್ವಾಮಿಯ ಪ್ರದಕ್ಷಿಣೆಯನ್ನೇ ಮೂರರಿಂದ ಒಂದಕ್ಕೆ ಇಳಿಸಿದ್ದ ಹೆಂಗಸು, ಬೆಳಗಿನ ಏಳರ ಬಸ್ಸು ಹತ್ತಿ ಹಳ್ಳಿಮೈಸೂರಿನಲ್ಲಿ ಇಳಿದು, ಅಲ್ಲಿಂದ ಯಾರದೋ ಮೋಟರ್ ಸೈಕಲ್ಲಿನ ಹಿಂದೆ ಕೂತು ಪಾಳುಬಿದ್ದ ಕಲ್ಲುಕ್ವಾರಿಗೆ ಹೋಗುತ್ತಾರೆಂದರೆ ಬೀದಿ ಸುಮ್ಮನಿರುತ್ತದೆಯೇ? ನಿಜ ಹೇಳಬೇಕೆಂದರೆ ಅವರಿಗೆ ಹುಚ್ಚೂ ಹಿಡಿದಿರಲಿಲ್ಲ, ಹಕ್ಕಿಗಳ ಮೇಲೆ ಅಂಥ ಮಮಕಾರವೂ ಇರಲಿಲ್ಲ. ಒಬ್ಬ ಮನುಷ್ಯನ ಮುಂದೆ ಕೂತು ತಪ್ಪಾಯಿತೆಂದು ಹೇಳಬೇಕಾಗಿತ್ತು. ಅದು ಮೂವತ್ತು ವರ್ಷ ತಡವಾಗಿತ್ತು.

ಕನಕಲಕ್ಷ್ಮಿಯವರು ಕನ್ನಡದ ಮೇಡಂ. ಚನ್ನರಾಯಪಟ್ಟಣ, ಅರಕಲಗೂಡು ಎಂದು ವರ್ಗವಾಗಿ ಸುತ್ತಿ, ನಡುವೆ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ನೆಲೆ ನಿಂತವರು. ಪಾಠದಲ್ಲಿ ಗಟ್ಟಿಗರು, ರಜೆ ಹಾಕದವರು, ಹಬ್ಬದ ಮರುದಿನವೂ ಮೊದಲ ಪಿರಿಯಡ್ಡಿಗೆ ಹಾಜರು. ಆದರೆ ಅವರಿಗೊಂದು ಚಟ. ನಮ್ಮ ಸೀಮೆಯ ಬಾಯಿಗೆ ‘ಹ’ ಎಂಬ ಅಕ್ಷರ ಕಂಡರೆ ಸೋಮಾರಿತನ. ಹಾಲು ಆಲಾಗುತ್ತದೆ, ಹೊಲ ಒಲವಾಗುತ್ತದೆ, ಹೋಗುವವನು ಓಗುತ್ತಾನೆ. ಅದರಿಂದ ಹಾಲು ಒಡೆದದ್ದೂ ಇಲ್ಲ, ಹೋಗುವವನು ದಾರಿ ತಪ್ಪಿದ್ದೂ ಇಲ್ಲ. ಆದರೂ ದೇವಸ್ಥಾನದ ಬೀದಿಯಲ್ಲಿ, ಮಂತ್ರ ಹೇಳುವ ತಂದೆಯ ಮನೆಯಲ್ಲಿ ಬೆಳೆದ ಈ ಮಹಾತಾಯಿಗೆ ಅದು ಕಿವಿಗೆ ಸೀಸ ಹೊಯ್ದ ಹಾಗಾಗುತ್ತಿತ್ತು. ಎಂಟನೆಯ ತರಗತಿಗೆ ಬಂದ ಪ್ರತಿಯೊಬ್ಬರೂ ಅಂಗೈಯನ್ನು ಬಾಯಿಯ ಮುಂದೆ ಹಿಡಿದು “ಹಾಲು, ಹಣ್ಣು, ಹಕ್ಕಿ” ಎನ್ನಬೇಕು. ಉಸಿರು ಅಂಗೈಗೆ ತಾಗಿದರೆ ಕೂರಬಹುದು, ತಾಗದಿದ್ದರೆ ಬೆಂಚಿನ ಮೇಲೆ ನಿಲ್ಲಬೇಕು. ಅದಕ್ಕೇ ಅವರಿಗೆ ಹಕಾರದ ಮಿಸ್ಸು ಎಂದು ಹೆಸರು ಬಿದ್ದಿತ್ತು. ಮಕ್ಕಳ ಬಾಯಲ್ಲಿ ಅದೂ ಅಕಾರದ ಮಿಸ್ಸೇ ಆಗಿತ್ತೆನ್ನುವುದು ಬೇರೆ ಮಾತು.

ಆ ಹಳ್ಳಿಯಲ್ಲಿದ್ದಾಗ, ಮೂವತ್ತು ವರ್ಷದ ಹಿಂದೆ, ಎಂಟನೆಯ ತರಗತಿಯ ದೇವರಾಜು ಎಂಬ ಹುಡುಗ ಗಾಳಿಗೆ ಬಿದ್ದಿದ್ದ ಗೀಜಗದ ಗೂಡೊಂದನ್ನು ತರಗತಿಗೆ ತಂದಿದ್ದ. ತಾನಾಗಿ ಎದ್ದು ನಿಂತು ಮಾತಾಡಿದ ಮೊದಲ ಸಲ ಅದು. “ಮಿಸ್, ಈ ಅಕ್ಕಿ ಗೂಡ್ನೊಳ್ಗೆ ಎರಡು ಕೋಣೆ ಮಾಡ್ಕತದೆ” ಎಂದು ಶುರು ಮಾಡಿದ. ಕನಕಲಕ್ಷ್ಮಿ ತಡೆದರು. “ಏನದು? ಇನ್ನೊಂದು ಸಲ ಹೇಳು.” “ಅಕ್ಕಿ, ಮಿಸ್.” “ಓಹೋ, ನಿಮ್ಮೂರಲ್ಲಿ ಅಕ್ಕಿ ಹಾರುತ್ತಾ? ನಮ್ಮೂರಲ್ಲಿ ಅದು ಬೇಯುತ್ತೆ ಕಣೋ!” ತರಗತಿ ಬಿದ್ದು ಬಿದ್ದು ನಕ್ಕಿತು. ತಮ್ಮ ಮಾತಿನ ಚುರುಕಿಗೆ ಮಿಸ್ಸೂ ನಕ್ಕರು. ಹುಡುಗ ಗೂಡನ್ನು ಬೆಂಚಿನ ಕೆಳಗೆ ಸರಿಸಿ ಕೂತ. ಎಸೆಸೆಲ್ಸಿ ಮುಗಿಸಿ ಹೋಗುವವರೆಗೂ ಕನ್ನಡದ ಪಿರಿಯಡ್ಡಿನಲ್ಲಿ ಅವನು ಮತ್ತೆ ಬಾಯಿ ತೆರೆಯಲಿಲ್ಲ. ಅದನ್ನು ಆಗ ಮಿಸ್ಸು ಗಮನಿಸಿರಲೂ ಇಲ್ಲ.

ನೆನಪಾದದ್ದು ಈಗ, ಹೋದ ತಿಂಗಳು. ಅವರ ತಂಗಿಯ ಮೊಮ್ಮಗಳು ಅನ್ವಿತಾ ಹಾಸನದಲ್ಲಿ ಎಂಎಸ್ಸಿ ಓದುತ್ತಾಳೆ. ಕೆಲಸ ನಿಂತ ಕ್ವಾರಿಗಳಲ್ಲಿ ಎಂಥೆಂಥ ಹಕ್ಕಿ, ಹುಳ ಬಂದು ಸೇರಿಕೊಂಡಿವೆ ಎಂದು ಲೆಕ್ಕ ಮಾಡುವುದು ಅವಳ ಪ್ರಾಜೆಕ್ಟು. ಕನ್ನಡದ ಹೆಸರುಗಳನ್ನು ತಪ್ಪಿಲ್ಲದೆ ಬರೆದುಕೊಡಿ ಎಂದು ಅಜ್ಜಿಯ ಮುಂದೆ ಮೊಬೈಲಿನ ರೆಕಾರ್ಡಿಂಗ್ ಹಚ್ಚಿದಳು. ಊರಿನವನೊಬ್ಬ ನಲವತ್ತು ನಿಮಿಷ ಎಡೆಬಿಡದೆ ಹೆಸರು ಹೇಳಿದ್ದ. ಎಲ್ಲ ಸರಿ, ಆದರೆ ಬಾಯಿ ತೆರೆದರೆ “ಆ ಬರ್ಡು, ಈ ಬರ್ಡು” ಎನ್ನುತ್ತಿದ್ದ. “ಕೌಜುಗ, ಬುರ್ಲಿ ಅಂತ ಅಚ್ಚ ಕನ್ನಡ ಹೇಳೋನು ಹಕ್ಕಿಗೆ ಬರ್ಡು ಅಂತಾನಲ್ಲೇ?” ಎಂದರು ಅಜ್ಜಿ. “ನಾನೂ ಕೇಳಿದೆ ಅಜ್ಜಿ. ನಕ್ಕು ಸುಮ್ಮನಾದರು. ದೇವರಾಜು ಅಂತ, ಕ್ವಾರಿ ಪಕ್ಕದಲ್ಲೇ ಅವರ ಜಮೀನು. ನಿಮ್ಮ ಸ್ಟೂಡೆಂಟಂತೆ.” ಅಜ್ಜಿಯ ಕೈಯಲ್ಲಿದ್ದ ಪೆನ್ನು ಅಲ್ಲಿಗೇ ನಿಂತಿತು. ಬೆಂಚಿನ ಕೆಳಗೆ ಸರಿದ ಗೂಡು ಕಣ್ಣಿಗೆ ಕಟ್ಟಿತು. ಒಂದು ಮಾತನ್ನು ಒಬ್ಬ ಮನುಷ್ಯನ ಬಾಯಿಂದ ಶಾಶ್ವತವಾಗಿ ಕಿತ್ತುಹಾಕಿದ್ದೇನೆ ಎಂದು ಅವರಿಗೆ ಅನಿಸಿತು.

ಹಾಗೆ ಹೊರಟ ಸವಾರಿ ಇದು.

ಹಳ್ಳಿಮೈಸೂರಿನ ಬಸ್ ಸ್ಟಾಪಿನಲ್ಲಿ ದೇವರಾಜು ಕಾದಿದ್ದ. ಕಿವಿಯ ಮೇಲೆ ಕೂದಲು ನರೆತಿತ್ತು. ಬಗ್ಗಿ ಪಾದ ಮುಟ್ಟಿ, “ಚೆನ್ನಾಗಿದೀರಾ ಮಿಸ್? ಬರ್ಡ್ಸ್ ನೋಡಕ್ಕೆ ನೀವೇ ಬತ್ತೀರಿ ಅಂದಾಗ ನಂಗೆ ನಂಬಕ್ಕೇ ಆಗ್ನಿಲ್ಲ” ಎಂದ. ಮುಖದಲ್ಲಿ ಮುನಿಸಿನ ಗುರುತೇ ಇಲ್ಲ. ಮುನಿಸಿದ್ದಿದ್ದರೆ ಕನಕಲಕ್ಷ್ಮಿಯವರ ಕೆಲಸ ಹಗುರವಾಗುತ್ತಿತ್ತು. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಪುಳಿಯೋಗರೆಯ ಡಬ್ಬಿ ಹಿಡಿದು, ನರಸಿಂಹಸ್ವಾಮಿಯನ್ನು ನೆನೆಯುತ್ತ ಬೈಕಿನ ಮೇಲೆ ಓರೆಯಾಗಿ ಕೂತರು. ಸಂಜೆ ನಾಲ್ಕೂವರೆಯ ಬಸ್ಸಿಗೆ ವಾಪಸಾಗಬೇಕು. ಅಷ್ಟರೊಳಗೆ ಹೇಳಿಬಿಡಬೇಕು ಎಂದುಕೊಂಡರು.

ಕ್ವಾರಿ ನಿಂತು ಹದಿಮೂರು ವರ್ಷವಾಗಿತ್ತು. ಬಗೆದು ಬಿಟ್ಟ ಗುಂಡಿಯಲ್ಲಿ ಹಸಿರು ನೀರು, ಮೂರು ಕಡೆ ಗೋಡೆಯಂಥ ಬಂಡೆ, ಬಂಡೆಯ ಮೈತುಂಬ ಕಲ್ಲು ಕೊರೆದ ಗೀರು. ಒಂದು ಕಾಲದಲ್ಲಿ ದೇವರಾಜುವೂ ಇಲ್ಲೇ ಲಾರಿಗೆ ಕಲ್ಲು ತುಂಬಿದವನು. ಮದ್ದು ಸಿಡಿಯುವಾಗ ಸುತ್ತ ಒಂದು ಕಾಗೆಯೂ ಇರುತ್ತಿರಲಿಲ್ಲವಂತೆ. ಈಗ ನೀರಿನ ಮೇಲೆ ಬಾಗಿದ ಜಾಲಿಯ ಕೊಂಬೆಗಳಲ್ಲಿ ಗೀಜಗಗಳು ಗೂಡು ನೇಯಲು ಶುರುಮಾಡಿದ್ದವು. ಮುಂಗಾರು ಮಳೆ ಎರಡು ಸಲ ಹೊಯ್ದಿತ್ತು. ಹುಲ್ಲಿನ ಎಳೆ ಬೇಕಾದಷ್ಟಿತ್ತು. ಹಳೆಯ ಮಣ್ಣಿನ ದಿಬ್ಬದಲ್ಲಿ ಸಾಲು ಸಾಲು ತೂತು.

“ಅಲ್ ನೋಡಿ ಮಿಸ್, ತಂತಿ ಮ್ಯಾಲೆ. ಕಳ್ಳಿಪೀರ. ಆ ತೂತೆಲ್ಲ ಅದ್ರದ್ದೇಯ. ಆ ಬರ್ಡು ಬೋ ಚಾಲಾಕು, ಇಡ್ದಿದ್ದ ಉಳನ ತಂತಿಗೆ ಬಡ್ದು ಬಡ್ದು ಕೊಂದೇ ನುಂಗದು.”

ಹಸಿರು ಮೈಯ ಪುಟ್ಟ ಹಕ್ಕಿ ಏರೋಪ್ಲೇನ್ ಚಿಟ್ಟೆಯೊಂದನ್ನು ಗಾಳಿಯಲ್ಲೇ ಕಚ್ಚಿ ತಂದು, ಅಗಸರು ಬಟ್ಟೆ ಒಗೆಯುವ ಹಾಗೆ ತಂತಿಗೆ ಅಪ್ಪಳಿಸುತ್ತಿತ್ತು. ಕನಕಲಕ್ಷ್ಮಿಗೆ ನೋಡುತ್ತ ನೋಡುತ್ತ ಮಂಡಿ ಮರೆತುಹೋಯಿತು. ಆದರೆ ‘ಬರ್ಡು’ ಎನ್ನುವ ಮಾತು ಬಂದಾಗಲೆಲ್ಲ ಹಲ್ಲಿಗೆ ಕಲ್ಲು ಸಿಕ್ಕಿದಂತಾಗುತ್ತಿತ್ತು. ಈಗ ಹೇಳೋಣ ಎಂದು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಅವನು ತುಟಿಯ ಮೇಲೆ ಬೆರಳಿಟ್ಟ. ಎದುರು ಬಂಡೆಯ ಬಿರುಕಿನಲ್ಲಿ ಕಲ್ಲಿನ ಬಣ್ಣದ್ದೇ ಒಂದು ದೊಡ್ಡ ಗೂಬೆ, ತಲೆಯ ಮೇಲೆ ಎರಡು ಕೊಂಬಿನ ಗರಿ, ಒಂದೇ ಕಣ್ಣನ್ನು ಅರ್ಧ ತೆರೆದು ಇಬ್ಬರನ್ನೂ ನೋಡುತ್ತಿತ್ತು. ಪರೀಕ್ಷೆಯ ಕೊಠಡಿಯಲ್ಲಿ ತಾವು ಕೂರುತ್ತಿದ್ದ ಭಂಗಿ ಇದೇ ಅಲ್ಲವೇ ಎಂದು ಕನಕಲಕ್ಷ್ಮಿಗೆ ಅನಿಸಿತು.

ಬಿಸಿಲೇರಿದಾಗ ಹೊಂಗೆಮರದ ಕೆಳಗೆ ಕೂತರು. ಮೇಲಿನವು ಮಲಗಿದರೆ ಕೆಳಗಿನವು ಏಳುತ್ತವೆ ಎಂದು ದೇವರಾಜು ನೆಲ ತೋರಿಸಿದ. ನುಣುಪು ಮಣ್ಣಿನಲ್ಲಿ ಲಾಳಿಕೆಯಂಥ ಪುಟ್ಟ ಗುಣಿಗಳು. ತಳದಲ್ಲಿ ಹುಳವೊಂದು ಹುದುಗಿ ಕೂತು ಇರುವೆ ಜಾರುವುದನ್ನೇ ಕಾಯುತ್ತದೆ. ಅವನು ಕಡ್ಡಿಯಿಂದ ಒಂದೆರಡು ಕಣ ಮಣ್ಣು ಉದುರಿಸಿದ. ತಳದಿಂದ ಹುಳ ಪಟಪಟನೆ ಮಣ್ಣು ಎರಚಿತು. ನೀರಿನಂಚಿನಲ್ಲಿ ಕಣಜಗಳು ಒದ್ದೆ ಮಣ್ಣಿನ ಉಂಡೆ ಹೊತ್ತು ಹಾರುತ್ತಿದ್ದವು. ಜಾಲಿಯ ಎಲೆಯ ಮೇಲೆ ಜೀರ್ಜಿಂಬೆಯೊಂದು, ರೇಷ್ಮೆ ಸೀರೆಯ ಅಂಚಿನಂತೆ ಒಮ್ಮೆ ಹಸಿರು, ಒಮ್ಮೆ ಚಿನ್ನ. ಪ್ರತಿಯೊಂದರ ಸಂಸಾರವೂ ಅವನಿಗೆ ಗೊತ್ತು. ಇಷ್ಟು ತಿಳಿದವನ ಬಾಯಿ ಮುಚ್ಚಿಸಿ, ಛಂದಸ್ಸಿನ ಲಘು-ಗುರು ಬರೆಸಿದೆನಲ್ಲ ಎಂದು ಕನಕಲಕ್ಷ್ಮಿಗೆ ತಮ್ಮ ಮೇಲೇ ಸಿಟ್ಟು ಬಂತು.

ಪುಳಿಯೋಗರೆ ಎಲೆಗೆ ಬಿತ್ತು. ಅವನು ತಂದಿದ್ದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಈ ಕಡೆಗೂ ಬಂತು. ಉಂಡು ಕೈ ತೊಳೆದ ಮೇಲೆ ಇನ್ನು ನೆಪ ಉಳಿಯಲಿಲ್ಲ. ಗಡಿಯಾರ ಎರಡು ಗಂಟೆ ತೋರಿಸುತ್ತಿತ್ತು.

“ದೇವರಾಜು, ನಾನು ಹಕ್ಕಿ ನೋಡೋಕೆ ಬಂದಿದ್ದಲ್ಲಪ್ಪ.”

“ಗೊತ್ತು ಮಿಸ್” ಎಂದ ಅವನು, ನೀರಿನ ಕಡೆ ನೋಡುತ್ತ.

“ಅವತ್ತು ಗೂಡು ತಂದಾಗ ನಿನಗೆ ಅವಮಾನ ಮಾಡಿದೆ. ಅಂದು ಆಡಿದ ಮಾತು ಇವತ್ತು ನನಗೇ ಚುಚ್ಚುತ್ತಿದೆ. ತಪ್ಪಾಯ್ತು. ನನ್ನ ಕ್ಷಮಿಸಿಬಿಡಪ್ಪ.” ಮೂವತ್ತು ವರ್ಷ ಮಕ್ಕಳ ಕೈಯಲ್ಲಿ ತಪ್ಪೊಪ್ಪಿಗೆ ಬರೆಸಿಕೊಂಡವರು ಇವತ್ತು ಕೈಮುಗಿದರು.

ದೇವರಾಜು ಗಾಬರಿಯಾಗಿ ಎದ್ದೇಬಿಟ್ಟ. “ಅಯ್ಯೋ, ಬುಡ್ತು ಅನ್ನಿ ಮಿಸ್. ನೀವು ಇಂಗೆಲ್ಲ ಅನ್ನಬಾರ್ದು. ನಂಗೇನ್ ಅದು ಅಂಗೆ ನಾಟ್ಲಿಲ್ಲ. ಒಂದ್ ವಾರ ಉಡುಗ್ರು ‘ಅಕ್ಕಿ ದೇವ್ರಾಜ’ ಅಂತ ರೇಗುಸ್ದ್ರು, ಆಮ್ಯಾಕೆ ಅವ್ರೇ ಮರ್ತ್ರು.”

“ಮತ್ಯಾಕೆ ಹಕ್ಕಿ ಅನ್ನಲ್ಲ ನೀನು? ಬೆಳಗ್ಗೆಯಿಂದ ಕೇಳ್ತಿದೀನಿ. ಒಂದು ಸಲವೂ ಅನ್ನಲಿಲ್ಲ.”

ಅವನು ಮತ್ತೆ ಕೂತ. ಹುಲ್ಲಿನ ಕಡ್ಡಿಯೊಂದನ್ನು ಕಿತ್ತು ತುಂಡು ತುಂಡು ಮಾಡಿದ. ಹೇಳಲೋ ಬೇಡವೋ ಎಂದು ತೂಗಿದಂತಿತ್ತು.

“ಈ ಎಸ್ರೆಲ್ಲ ನಂಗೆ ಯಾರು ಯೋಳ್ಕೊಟ್ಟಿದ್ದು ಅಂದ್ಕಂಡಿದೀರಿ ಮಿಸ್? ನಮ್ಮವ್ವ. ಕಳೆ ಕೀಳ್ತಾ ಕೀಳ್ತಾ, ಕೂಗು ಕೇಳೇ ಯೋಳೋದು, ಇದು ಇಂತಾದ್ದು, ಇಂಗಾಡ್ತದೆ ಅಂತ. ಆ ಗೂಡ್ನೂ ಇಸ್ಕೂಲಿಗೆ ತಗಂಡೋಗ್ಲಾ ಅಂತ ಕೊಟ್ಟು ಕಳ್ಸಿದ್ದೂ ಅವ್ವನೇ. ಅವತ್ತು ಸಂಜೆ ಮನೇಗೋದೆ. ಚಿಕ್ಕಪ್ಪನ ಕಡೇರು ನೆಂಟ್ರು ಬಂದಿದ್ರು, ಜಗಲಿ ತುಂಬಾ ಜನ. ಮನೆ ಇಂದೆ ಇತ್ಲಲ್ಲಿ ನಿಂತ್ಕಂಡು ಅವ್ವ ಕೂಗ್ತು, ‘ಮಗಾ, ಅಕ್ಕಿ ಬಂದದೆ ಬಾರ್ಲಾ, ನೀನು ನೋಡ್ದೇ ಇರೋ ಅಕ್ಕಿ’ ಅಂತ. ನಾನೇನಂದೆ ಗೊತ್ತಾ?”

ಕನಕಲಕ್ಷ್ಮಿಗೆ ಗೊತ್ತಾಗಿಹೋಗಿತ್ತು. ಬೇಡ, ಹೇಳಬೇಡ ಎಂದು ಒಳಗೇ ಅಂದುಕೊಂಡರು.

“ಅಂಗೈನ ಬಾಯ್ ಮುಂದೆ ಇಡ್ಕಂಡು, ನಿಮ್ ತರಾನೇ, ‘ನಿಮ್ಮೂರಲ್ಲಿ ಅಕ್ಕಿ ಹಾರುತ್ತಾ? ನಮ್ಮೂರಲ್ಲಿ ಅದು ಬೇಯುತ್ತೆ’ ಅಂದೆ. ಆ ಅಕ್ಸರ ಅವತ್ತು ಪಸಂದಾಗಿ ಬಂತು ಮಿಸ್. ಜಗಲೀಲಿದ್ದೋರೆಲ್ಲ ಗೊಳ್ ಅಂದ್ರು. ಅವ್ವನೂ ನಗ್ತು. ನಕ್ಕಂಡೇ ಒಳೀಕೋಯ್ತು. ಅದಾದ್ಮ್ಯಾಲೆ ನಂಗೆ ಒಂದ್ ಎಸ್ರೂ ಯೋಳ್ನಿಲ್ಲ. ಕೇಳುದ್ರೆ ‘ನೀನು ಓದೋನು ಕಣಪ್ಪ, ನಿಂಗೇ ಗೊತ್ತಿರ್ತದೆ’ ಅನ್ನದು.” ಅವನು ಕೈಯಲ್ಲಿದ್ದ ಹುಲ್ಲಿನ ಚೂರುಗಳನ್ನು ಕೊಡವಿದ. “ಈಗ ನೀವು ಯೋಳ್ಕೊಟ್ಟಂಗೆ ಅಂದ್ರೆ ಅವತ್ತಿನ ನನ್ ದನಿಯೇ ನಂಗೆ ಕೇಳ್ತದೆ. ಅವ್ವ ಅಂದಂಗೆ ಅನ್ನಕ್ಕೆ ನಂಗ್ಯಾವ ಮಕ ಅದೆ? ಅದ್ಕೇ ಬರ್ಡು ಅಂತೀನಿ. ಆ ಮಾತು ಯಾರ್ದೂ ಅಲ್ಲ ನೋಡಿ.”

ನೀರಿನ ಮೇಲೆ ಮಿಂಚುಳ್ಳಿ ಬಿದ್ದು ಎದ್ದಿತು. ಇಬ್ಬರೂ ಅದನ್ನು ನೋಡಲಿಲ್ಲ. ಕ್ಷಮೆ ಕೇಳಿದರೆ ಭಾರ ಇಳಿಯುತ್ತದೆ ಎಂದು ಬೆಳಗಿನಿಂದ ನಂಬಿಕೊಂಡಿದ್ದ ಹೆಂಗಸಿಗೆ ಈಗ ಎರಡರಷ್ಟು ಭಾರ ಬಿತ್ತು. ತಾವು ನೋಡಿಯೂ ಇರದ ಒಬ್ಬ ತಾಯಿಯ ಬಾಯನ್ನು, ಅವರ ಮಗನ ಕೈಯಲ್ಲೇ ಮುಚ್ಚಿಸಿದ್ದರು.

“ಅಮ್ಮ ಇದಾರಾ?”

“ಅದೆ ಮಿಸ್, ಮನೇಲೇ ಅದೆ. ಎಪ್ಪತ್ತೆಂಟಾಯ್ತು.”

“ನಡಿ, ಹೋಗೋಣ.”

“ಬ್ಯಾಡ ಮಿಸ್.”

“ಯಾಕೋ? ನಾನು ಕೇಳಬೇಕಾಗಿರೋದು ಅವರನ್ನ.”

“ಅವ್ವಂಗೆ ನೀವ್ಯಾರು ಅಂತ್ಲೂ ಗೊತ್ತಿಲ್ಲ. ಆ ಮಾತು ನಿಮ್ದು ಅಂತ್ಲೂ ಗೊತ್ತಿಲ್ಲ. ನಂದೇ ಅಂದ್ಕಂಡದೆ. ಅದೂ ಅಲ್ದೆ...” ಅವನು ತಡವರಿಸಿದ. “ಓದಿರೋರ ಮುಂದೆ ಅವ್ವ ಮಾತಾಡೋದ್ನ ನಿಮ್ಗೆ ಕೇಳಕ್ಕಾಗಲ್ಲ.”

ಕನಕಲಕ್ಷ್ಮಿಗೆ ಅದರ ಅರ್ಥವಾಗಲಿಲ್ಲ. ಛತ್ರಿ ಊರಿಕೊಂಡು ಎದ್ದು ನಿಂತರು. ಮಿಸ್ಸು ಎದ್ದು ನಿಂತ ಮೇಲೆ ಕೂತಿರುವುದು ದೇವರಾಜುವಿಗೆ ಇವತ್ತಿಗೂ ಆಗದ ಕೆಲಸ.

ಮನೆ ಹತ್ತಿರದಲ್ಲೇ ಇತ್ತು, ಕಾಲುವೆ ದಾಟಿದರೆ ಸಿಗುವ ಹೆಂಚಿನ ಮನೆ. ಜಗಲಿಯ ಮೇಲೆ ಸುಬ್ಬಮ್ಮ ಕಾಲು ಚಾಚಿ ಕೂತು ಹುರುಳಿ ಕೇರುತ್ತಿದ್ದರು. ಬೈಕಿನ ಸದ್ದಿಗೆ ತಲೆಯೆತ್ತಿ, “ಲೇ ದೇವ, ಯಾರ್ಲಾ ಅದು? ಚಾಪೆ ಆಸ್ಲಾ, ನಿಂತವ್ರೆ” ಎಂದು ಗದರಿದರು. ದನಿ ಕಂಚಿನಂತಿತ್ತು. ಆಮೇಲೆ ಕನ್ನಡಕ, ಕೈಯಲ್ಲಿನ ಛತ್ರಿ, ಇಸ್ತ್ರಿಯ ಸೀರೆ ಕಣ್ಣಿಗೆ ಬಿದ್ದವು. ಸೆರಗು ಎಳೆದುಕೊಂಡರು. ಬೆನ್ನು ನೆಟ್ಟಗಾಯಿತು. ಬಾಯಿ ಬೇರೆಯಾಯಿತು.

“ಬನ್ನಿ ತಾಯಿ, ಹೊಳಗೆ ಬನ್ನಿ. ಹೂಟ ಆಯ್ತಾ?”

ಕನಕಲಕ್ಷ್ಮಿ ಮೊದಲು ತಮ್ಮ ಕಿವಿಯನ್ನೇ ನಂಬಲಿಲ್ಲ.

“ಹಿಲ್ಲೇ ಕೂತ್ಕೊಳ್ಳಿ ತಾಯಿ. ಹೆಲೆ ಅಡಿಕೆ ಹಾಕ್ಕೊಳ್ತೀರಾ?”

ಒಳಗೆ ಎಂಬುದು ಹೊಳಗೆ, ಊಟ ಎಂಬುದು ಹೂಟ, ಎಲೆ ಎಂಬುದು ಹೆಲೆ. ಹಕಾರ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಆ ತಾಯಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಅದಿಲ್ಲದಿದ್ದರೆ ಜನ ನಗುತ್ತಾರೆ ಎಂಬುದನ್ನು ಮಾತ್ರ ಮಗ ಹೇಳಿಕೊಟ್ಟಿದ್ದ. ಅಂದಿನಿಂದ ಡಾಕ್ಟರ ಮುಂದೆ, ಬ್ಯಾಂಕಿನವರ ಮುಂದೆ, ಬಂದ ಬೀಗರ ಮುಂದೆ ಸಿಕ್ಕಸಿಕ್ಕ ಕಡೆಯೆಲ್ಲ ಅದನ್ನು ಸಿಕ್ಕಿಸುತ್ತ ಬಂದಿದ್ದರು. ದೇವರಾಜು ಬಾಗಿಲ ಚೌಕಟ್ಟಿಗೆ ಒರಗಿ, ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತಿದ್ದ.

ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಕನಕಲಕ್ಷ್ಮಿಯ ನಾಲಿಗೆಯಲ್ಲೇ ಒಣಗಿತು. ಏನೆಂದು ಕ್ಷಮೆ ಕೇಳುವುದು? ನಿಮ್ಮ ಮಾತು ಸರಿಯಿತ್ತು, ಕೆಡಿಸಿದವಳು ನಾನು ಎಂದರೆ, ಈಗಲೂ ತಪ್ಪೇ ಆಡುತ್ತಿದ್ದೇನೆ ಎಂದು ಆಕೆಗೆ ಗೊತ್ತಾಗಿಬಿಡುತ್ತದೆ. ಇನ್ನೊಂದು ಸಲ ನಾಚಿಸಿದಂತೆ ಆಗುತ್ತದೆ. ಹೇಳಲು ಒಂದೇ ದಾರಿ ಕಂಡಿತು. ಅವರದೇ ಮಾತನ್ನು ಅವರ ಮುಂದೆ ಮರ್ಯಾದೆಯಿಂದ ಆಡಬೇಕು. ಅಪ್ಪ ಕಲಿಸಿದ್ದು, ತಾವು ಕಲಿಸಿದ್ದು, ಎಲ್ಲವನ್ನೂ ಪಕ್ಕಕ್ಕಿಟ್ಟು, ಹಕಾರದ ಮಿಸ್ಸು ಜೀವಮಾನದಲ್ಲಿ ಮೊದಲ ಸಲ ಉಸಿರು ಬಿಗಿಹಿಡಿದರು.

“ಏನಿಲ್ಲ ಅವ್ವಾ. ಇಲ್ಲೇ ಬಂದಿದ್ದೆ, ಅಕ್ಕಿ ನೋಡೋಣ ಅಂತ.”

ಬಾಗಿಲಲ್ಲಿ ನಿಂತ ದೇವರಾಜು ಸರಕ್ಕನೆ ತಿರುಗಿದ. ಅವನ ಕಣ್ಣು ತುಂಬಿಬಂದದ್ದು ಕನಕಲಕ್ಷ್ಮಿಗೆ ಕಂಡಿತು.

ಸುಬ್ಬಮ್ಮನ ಮುಖವೂ ಅರಳಿತು. “ಅಷ್ಟೇನಾ ತಾಯಿ!” ಎಂದವರೇ ಮಂಡಿಗೆ ಕೈಕೊಟ್ಟು ಎದ್ದು ಒಳಗೆ ಹೋದರು. ಡಬ್ಬದ ಮುಚ್ಚಳ ತೆಗೆದ ಸದ್ದಾಯಿತು. ತಿರುಗಿ ಬಂದಾಗ ಕೈಯಲ್ಲಿ ಮೊರವಿತ್ತು, ಮೊರದ ತುಂಬ ಕೆಂಪಗಿನ ರಾಜಮುಡಿ ಅಕ್ಕಿ. ಪೇಟೆಯ ಜನ ಮನೆಯಲ್ಲಿ ಬೆಳೆದ ಅಕ್ಕಿ ಹುಡುಕಿಕೊಂಡು ಬರುವುದು ಆ ಊರಿಗೆ ಹೊಸದಲ್ಲ. ಓದಿದವರು ಅಕ್ಕಿ ಎಂದರೆ ಅದು ಬೇಯುವ ಅಕ್ಕಿಯೇ ಎಂದು ಸುಬ್ಬಮ್ಮ ಎಂದೋ ಕಲಿತುಬಿಟ್ಟಿದ್ದರು.

“ಮನೇಲಿ ಬೆಳ್ದಿದ್ದು ತಾಯಿ. ಹೊಂದು ಕಲ್ಲೂ ಹಿಲ್ಲ. ನೋಡಿ.”

“ಅವ್ವಾ, ಅದಲ್ಲ...” ಎಂದು ದೇವರಾಜು ಮುಂದೆ ಬಂದ. ಕನಕಲಕ್ಷ್ಮಿ ಅವನತ್ತ ಕೈಯೆತ್ತಿ ತಡೆದರು. ಆ ಕೈಯನ್ನೇ ಇಳಿಸಿ ಅಕ್ಕಿಯೊಳಗೆ ಇಟ್ಟರು.

“ಚೆನ್ನಾಗಿದೆ ಅವ್ವಾ” ಎಂದರು.

ಹಿತ್ತಲಿನ ಕಡೆಯಿಂದ ಏನೋ ಕೂಗಿತು, ಸಣ್ಣ ದನಿ, ಎರಡು ಸಲ. ದೇವರಾಜು ಕಿವಿಗೊಟ್ಟು, ಗುರುತು ಹತ್ತದೆ ತಾಯಿಯ ಕಡೆ ನೋಡಿದ. ಸುಬ್ಬಮ್ಮನ ಮುಖ ತಟ್ಟನೆ ಅತ್ತ ತಿರುಗಿತ್ತು. ಕಣ್ಣು ಹೊಳೆಯಿತು, ಹೆಸರೊಂದು ತುಟಿಯವರೆಗೂ ಬಂತು. ಅಷ್ಟರಲ್ಲಿ ಓದಿದ ಹೆಂಗಸು ಎದುರಿಗೆ ಕೂತಿರುವುದು ನೆನಪಾಯಿತು. ಅವರು ಬಾಯಿ ಮುಚ್ಚಿಕೊಂಡು, ಮೊರವನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿದರು.

“ನೋಡಿ ತಾಯಿ” ಎಂದರು.